ಎಡಗಡೆಯ ಸೀಟಿಗೆ ಮೊದಲು ನೀರು

ನಂಬುವವರು ನಂಬಿ, ಬಿಡುವವರು ಬಿಡಿ. ಇಂಜಿನ್ನು ಬಿಚ್ಚಿ ಜೋಡಿಸುವ ಕೈ ನನ್ನದು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು ನಾನು. ಆದರೆ ಅರಕಲಗೂಡಿನ ದಾರಿಯಲ್ಲಿ ಅವತ್ತು ಕಿವಿಯಾರೆ ಕೇಳಿದ್ದಕ್ಕೆ ಇಂದಿಗೂ ಕಾರಣ ಸಿಕ್ಕಿಲ್ಲ.

ಅದು ಯುದ್ಧದ ಕಾಲ. ಹಾಸನದ ಸಾಹುಕಾರರೊಬ್ಬರಲ್ಲಿ ನಾನು ಡ್ರೈವರ್ ಆಗಿದ್ದೆ. ಅವರದೊಂದು ವಿಲಾಯತಿ ಕಾರು... ಎರಡೇ ಸೀಟು, ಗಿಡ್ಡ ಮೈ, ಓಡಲು ನಿಂತರೆ ಗಾಳಿ. ಪೆಟ್ರೋಲು ಸಿಗದೆ ಶೆಡ್ಡಿನಲ್ಲೇ ನಿಂತು ನಿಂತು ಅದರ ರೇಡಿಯೇಟರಿಗೆ ತುಕ್ಕು ಹಿಡಿದಿತ್ತು.

ಅರಕಲಗೂಡಿನ ತವರಿಗೆ ಹೋಗಿದ್ದ ನನ್ನ ಹೆಂಡತಿ ಗೌರಿಗೆ ಜ್ವರ ನೆತ್ತಿಗೇರಿದೆ, ಹಾಸನದ ಆಸ್ಪತ್ರೆಗೆ ತರದಿದ್ದರೆ ಉಳಿಯುವುದಿಲ್ಲ ಎಂದು ಹೇಳಿ ಕಳುಹಿಸಿದರು. ಸಾಹುಕಾರರು ಪುಣ್ಯಾತ್ಮರು, ಕೂಡಿಟ್ಟಿದ್ದ ಪೆಟ್ರೋಲು ಹಾಕಿಸಿ ಆ ಕಾರನ್ನೇ ಕೊಟ್ಟರು.

ಕತ್ತಲಾಗುತ್ತಿದ್ದಂತೆ ಹೊರಟೆ. ಅರ್ಧ ದಾರಿಯಲ್ಲಿ ಬುಸ್ಸೆಂದಿತು! ಬಾನೆಟ್ಟಿನ ಸಂದಿಯಿಂದ ಹಬೆ, ಕಾದ ರಬ್ಬರಿನ ವಾಸನೆ. ಕೆಳಗೆ ತೊಟ್... ತೊಟ್... ರೇಡಿಯೇಟರಿನ ಅಡಿಯಲ್ಲಿ ಸಣ್ಣ ತೂತು. ಬಾರ್ ಸೋಪನ್ನು ಮಿದ್ದು ಅದಕ್ಕೆ ಒತ್ತಿದೆ. ಆದರೆ ಒಳಗೆ ನೀರೇ ಇರಲಿಲ್ಲ.

ಪಕ್ಕದಲ್ಲೇ ಒಂದು ಅರವಟ್ಟಿಗೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಕುಡಿಯುವ ನೀರಿಡುವ ಗರಿಯ ಚಪ್ಪರ. ಲಾಟೀನು ಇಟ್ಟುಕೊಂಡು ಮುದುಕಿಯೊಬ್ಬಳು ಕೂತಿದ್ದಳು.

“ಅವ್ವಾ, ಒಂದ್ ಕೊಡ ನೀರ್ ಬೇಕಿತ್ತು. ಕಾರ್ಗೆ.”

“ಒಂದೇ ಕೊಡ ಉಳ್ದಿರಾದು ಕಣಪ್ಪಾ. ಕಾರ್ಗೆ ಆಮೇಲುಯ್ಯಿ. ಮೊದ್ಲು ಅವ್ಳಿಗೆ ಕೊಡು.”

“ಯಾರ್ಗೆ?”

“ಒಳಗ್ ಕುಂತವ್ಳಲ್ಲಾ... ಕಂಬ್ಳಿ ಒದ್ಕಂಡು. ತುಟಿ ಒಣಗೋಗವೆ, ಪಾಪ.”

ತಿರುಗಿ ನೋಡಿದೆ. ಎಡಗಡೆಯ ಸೀಟು ಖಾಲಿ.

ಮುದುಕಿಗೆ ಕಣ್ಣು ಮಂಜು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ, ಅದಕ್ಕೆ ಆರುವ ತನಕ ಕಾಯಲೇಬೇಕು. ಅಷ್ಟು ಹೊತ್ತೂ ಅವಳು ಆ ಸೀಟನ್ನೇ ನೋಡುತ್ತಿದ್ದಳು. ಕೊನೆಗೆ ಕೊಡದ ನೀರನ್ನೆಲ್ಲ, ಒಂದು ಹನಿ ಉಳಿಸದೆ, ರೇಡಿಯೇಟರಿಗೆ ಸುರಿದೆ.

“ಕೊಡ್ಲೇ ಇಲ್ವಲ್ಲಪ್ಪಾ...” ಎಂದಳು ಮುದುಕಿ.

ಅತ್ತೆಯ ಮನೆಯಲ್ಲಿ ಗೌರಿ ಅವರಪ್ಪನ ಕಂಬಳಿ ಹೊದ್ದು ಮಲಗಿದ್ದಳು. ಮುದುಕಿ ಹೇಳಿದ್ದ ಅದೇ ಕಂಬಳಿ, ಅದೇ ಒಣಗಿದ ತುಟಿ.

“ಸಂಜಿಂದ ಕಣ್ಣೇ ಬುಟ್ಟಿಲ್ಲ ಕಣಪ್ಪಾ,” ಅತ್ತೆ ಪಿಸುಗುಟ್ಟಿದರು. “ನೀರ್ ಉಯ್ದ್ರೆ ಕಟವಾಯಲ್ಲೇ ಸುರ್ದೋಯ್ತದೆ.”

ಅವಳನ್ನು ಎತ್ತಿ ತಂದು ಎಡಗಡೆಯ ಸೀಟಿನಲ್ಲಿ ಕೂರಿಸಿದೆ. ಕಾರಿಗೆಂದು ಒಂದು ಡಬ್ಬ ನೀರು ಇಟ್ಟುಕೊಂಡೆ. ದಾರಿಯುದ್ದಕ್ಕೂ ಅವಳ ಉಸಿರು ಇದೆಯೋ ಇಲ್ಲವೋ ಎಂದು ಆಗಾಗ ಮೂಗಿನ ಬಳಿ ಕೈ ಹಿಡಿಯುತ್ತಿದ್ದೆ.

ಅದೇ ಚಪ್ಪರದ ಮುಂದೆ ಕಾರು ಮತ್ತೆ ಬುಸ್ಸೆಂದಿತು. ಈಗ ಲಾಟೀನೂ ಇಲ್ಲ, ಮುದುಕಿಯೂ ಇಲ್ಲ. ಒದ್ದೆ ಮಣ್ಣಿನ ವಾಸನೆ ಮಾತ್ರ ಇತ್ತು. ಇಂಜಿನ್ನು ಆರಿದ ಮೇಲೆ ಡಬ್ಬ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ...

“ಈ ಸಲನಾದ್ರೂ ನಂಗೆ ಮೊದ್ಲು ಕೊಡಿ.”

ಗೌರಿಯದೇ ದನಿ. ಕಣ್ಣು ಮುಚ್ಚಿಯೇ ಇತ್ತು. ಓಡಿ ಹೋಗಿ ಡಬ್ಬವನ್ನು ತುಟಿಗೆ ಹಿಡಿದೆ. ಗಟಗಟ ಕುಡಿದಳು. ಉಳಿದ ನೀರಿನಲ್ಲೇ ಕಾರು ಹಾಸನ ಮುಟ್ಟಿತು.

ಗೌರಿ ಬದುಕಿದಳು. ಆ ರಾತ್ರಿಯ ಒಂದು ಮಾತೂ ಅವಳಿಗೆ ನೆನಪಿಲ್ಲ. ಅರವಟ್ಟಿಗೆಯ ಸಂಗತಿಯನ್ನು ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ, ಹೇಳಲು ಭಯ.

ದಾರಿಯಲ್ಲಿ ಯಾವ ಕಾರಿನ ಇಂಜಿನ್ನು ಕಾದು ನಿಂತರೂ ನಾನು ಮೊದಲು ಎಡಗಡೆಯ ಸೀಟನ್ನು ನೋಡುತ್ತೇನೆ. ಖಾಲಿಯಿದ್ದರೂ ಸರಿ, ಅಲ್ಲೊಂದು ಲೋಟ ನೀರು ಇಟ್ಟ ಮೇಲೆಯೇ ಕಾರಿಗೆ ಸುರಿಯುವುದು.