ಗುದ್ದು ಮಾವನ ರಕ್ತದ ಪೆಟ್ಟಿಗೆ

ನನ್ನ ಸೋದರಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಸಾಲಿನಲ್ಲಿ ನುಗ್ಗಿದವನಿಗೂ ಸುಮ್ಮನೆ ಹಾರ್ನ್ ಹೊಡೆದವನಿಗೂ ಅವನದು ಒಂದೇ ಉತ್ತರ. ಮನೆಮಂದಿಗೆಲ್ಲ ಅವನು ಗುದ್ದು ಮಾವ. ಅಂಥವನಿಗೆ ಸಿಕ್ಕಿದ ಕೆಲಸ ಮಾತ್ರ ಜೀವ ಉಳಿಸುವಂಥದ್ದು.

ಆಸ್ಪತ್ರೆಯಲ್ಲಿ ಅವಧಿ ಮುಗಿದು, ಇನ್ನು ರೋಗಿಗಳಿಗೆ ಕೊಡಬಾರದ ರಕ್ತದ ಚೀಲಗಳನ್ನು ಅವನು ವ್ಯಾನಿನಲ್ಲಿ ಲ್ಯಾಬಿಗೆ ಸಾಗಿಸುತ್ತಿದ್ದ. ಅಲ್ಲಿ ಆ ರಕ್ತದ ಹಿಮೋಗ್ಲೋಬಿನ್ ತೆಗೆದು, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ತುಂಬಿ, ಆಮ್ಲಜನಕ ಹೊರುವ ಕೃತಕ ರಕ್ತಕಣ ಮಾಡುತ್ತಿದ್ದರು. ಗುಂಪು ನೋಡಬೇಕಿಲ್ಲ, ಫ್ರಿಜ್ಜು ಬೇಕಿಲ್ಲ, ಯಾರಿಗೆ ಬೇಕಾದರೂ ಕೊಡಬಹುದು ಎಂದು ಮಾವ, ತಾನೇ ಕಂಡುಹಿಡಿದವನ ಹಾಗೆ ಕೊಚ್ಚಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಅದಿನ್ನೂ ಮೊಲಗಳ ಮೇಲಿನ ಪ್ರಯೋಗವನ್ನೇ ದಾಟಿರಲಿಲ್ಲ.

ಒಂದು ಮಧ್ಯಾಹ್ನ ಗ್ಯಾರೇಜಿನ ಮುಂದೆ ಇಬ್ಬರು ಮೆಕ್ಯಾನಿಕ್‌ಗಳಿಗೆ ಜಗಳವಾಗಿ, ಒಬ್ಬ ಇನ್ನೊಬ್ಬನ ತೊಡೆಗೆ ಚೂರಿ ಹಾಕಿದ. ಪಕ್ಕದ ಕ್ಲಿನಿಕ್ಕಿನ ನರ್ಸು ಓಡಿಬಂದು ಗಾಯ ಒತ್ತಿಹಿಡಿದು, ಬೇಗ ರಕ್ತ ಕೊಡದಿದ್ದರೆ ಇವನು ಉಳಿಯುವುದಿಲ್ಲ ಎಂದಳು. ಅದೇ ಹೊತ್ತಿಗೆ ಮೈಮೇಲೆ ‘ರಕ್ತ’ ಎಂದು ಬರೆಸಿಕೊಂಡ ಮಾವನ ವ್ಯಾನು ಬಂತು. ಗಾಯಾಳುವಿನ ಅಪ್ಪ ಅದನ್ನು ಅಡ್ಡಗಟ್ಟಿ, ಹಿಂಬಾಗಿಲು ತೆಗೆದು ಪೆಟ್ಟಿಗೆಗೆ ಕೈ ಹಾಕಿದ.

ಮಾವ ಇಳಿದವನೇ ಗುದ್ದಿದ. ಮುದುಕನ ಎರಡು ಹಲ್ಲು ರಸ್ತೆಗೆ ಬಿದ್ದವು.

ಆಮೇಲೆ ಯಾರ ಮಾತು ಯಾರು ಕೇಳುತ್ತಾರೆ? ಸ್ಪ್ಯಾನರು, ಕಬ್ಬಿಣದ ಸರಳು, ಕೈಗೆ ಸಿಕ್ಕಿದ್ದನ್ನು ಹಿಡಿದು ಜನ ಮುಗಿಬಿದ್ದರು. ಮಾವ ಪೆಟ್ಟಿಗೆಯನ್ನು ಅವುಚಿಕೊಂಡು ಬೋರಲು ಬಿದ್ದ. ಇದು ಕೆಟ್ಟ ರಕ್ತ, ಕೊಟ್ಟರೆ ಸಾಯುತ್ತಾನೆ ಎಂದು ಅವನು ಕೂಗಿದ್ದು ಆಗ. ಮೊಣಕೈ ಮುರಿಯಿತು, ಮೂರು ಪಕ್ಕೆಲುಬು ಮುರಿದವು, ಕಿವಿ ಅರ್ಧ ಹರಿದು ಜೋತಾಡಿತು. ಕೊನೆಗೂ ಪೆಟ್ಟಿಗೆ ಕಿತ್ತು ಒಂದು ಚೀಲವನ್ನು ನರ್ಸಿಗೆ ತೋರಿಸಿದರು. ಅವಳು ತಾರೀಖು ನೋಡಿ, ಕೊಡಲಾಗದು ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಅವಳ ಕೈ ಕೆಳಗೇ ಆ ಮೆಕ್ಯಾನಿಕ್ ತೀರಿಕೊಂಡ.

ಪೊಲೀಸರು, ಅಮ್ಮ, ಲ್ಯಾಬಿನ ಮೇಡಂ, ಎಲ್ಲರೂ ಮಾವನದು ತಪ್ಪಿಲ್ಲ ಎಂದರು. ಹೊಡೆದವರ ಮೇಲೆ ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು, ಕೃತಕ ರಕ್ತ ತಯಾರಾಗಿದ್ದರೆ ಆ ಮೆಕ್ಯಾನಿಕ್ ಬದುಕುತ್ತಿದ್ದ, ಇಲ್ಲದ್ದಕ್ಕೆ ನೀನೇನು ಮಾಡುತ್ತಿದ್ದೆ ಎಂದು ಸಮಾಧಾನ ಹೇಳಿದೆ.

“ವ್ಯಾನ್ ಇಂಜಿನ್ ಆಫ್ ಮಾಡಿರ್ಲಿಲ್ಲ ಕಣೋ,” ಎಂದ ಮಾವ. “ಈ ಆಸ್ಪತ್ರೆ ಅಲ್ಲಿಂದ ಹತ್ತೇ ನಿಮಿಷ. ಅವನನ್ನ ಹತ್ಸಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಬಾಯಿ ಏಳ್ಲಿಲ್ಲ, ಕೈ ಎದ್ದುಬಿಡ್ತು.”