ಬೀಗರಿಗೆ ತೆರೆದ ಗೇಟು

ಲಾಂಚು ನಿಲ್ಲುವ ಜೆಟ್ಟಿಯ ಗೇಟಿನವನು ಗಂಟೆ ಬಾರಿಸಿ ಗೇಟು ಎಳೆದ ಮೇಲೆ, ಓಡಿಬರುವವರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಅಷ್ಟೇ ಸಂಗತಿ. ಊರಿನವರ ಬಾಯಲ್ಲಿ ಆ ಬೆನ್ನು ಬೆಟ್ಟವಾಗಿತ್ತು. ಯಾವನೋ ದಂಡನಾಯಕ ಅದರೆದುರು ಟೊಪ್ಪಿ ತೆಗೆದು ಬೇಡಿಕೊಂಡನಂತೆ, ಬೆನ್ನು ಅಲುಗಲಿಲ್ಲವಂತೆ. ಅವನ ಗಂಟೆ ಕೇಳಿದರೆ ಸಮುದ್ರವೂ ಒಂದು ಅಲೆ ಹಿಂದೆ ಸರಿಯುತ್ತದೆಂದು ಚಹದಂಗಡಿಯವನು ಆಣೆಯಿಟ್ಟು ಹೇಳುತ್ತಿದ್ದ.

ಈ ಹಟಕ್ಕೆ ಜೆಟ್ಟಿಯಷ್ಟೇ ವಯಸ್ಸು. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ಕಂಬಗಳ ಮೇಲೆ ಅದನ್ನು ಕಟ್ಟಿದ ಹೊಸತರಲ್ಲಿ, ಕೊನೆಗಳಿಗೆಯಲ್ಲಿ ನುಗ್ಗಿದ ಜನ ಹಲಗೆಯ ಸಮೇತ ನೀರಿಗೆ ಬಿದ್ದಿದ್ದರು. ಅಂದಿನಿಂದ ಗಂಟೆಯಾದ ಮೇಲೆ ಯಾರಿಗೂ ದಾರಿಯಿಲ್ಲ. ಬಿರುಗಾಳಿಗೆ ಕಂಬಗಳು ಕಿತ್ತುಹೋದವು, ಮರದ ಜಾಗಕ್ಕೆ ಕಬ್ಬಿಣ ಬಂತು. ನಿಯಮ ಮಾತ್ರ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಗೇಟಿನ ಜೊತೆಗೇ ಇಳಿದು ಬಂತು.

ಗೇಟಿನವನ ಮಗಳನ್ನು ನೋಡಲು ಬಂದಿದ್ದ ಗಂಡಿನ ತಂದೆ ಆ ಮಧ್ಯಾಹ್ನದ ಲಾಂಚಿಗೆ ಹಿಂದಿರುಗುವವರಿದ್ದರು. ಒಪ್ಪಿಗೆಯ ಮಾತನ್ನು ಇನ್ನೂ ಬಾಯಿಬಿಟ್ಟು ಆಡಿರಲಿಲ್ಲ. ಗೇಟಿನವನ ಹೆಂಡತಿಗಂತೂ ಅವರು ಆಗಲೇ ಬೀಗರು.

"ನಿಮ್ಮ ಪ್ರತಾಪ ಬೀಗರ ಹತ್ರ ತೋರಿಸ್ಬೇಡಿ. ಈ ಸಂಬಂಧ ತಪ್ಪಿದ್ರೆ ಮಗಳು ನಿಮ್ಮ ಮುಖ ನೋಡಲ್ಲ."

"ಹಾಗಿದ್ರೆ ಅವರಿಗೆ ಬೇಗ ಊಟ ಹಾಕು."

ಊಟ ಬೇಗ ಆಯಿತು. ಬೀಗರ ನಿದ್ದೆ ಬೇಗ ಮುಗಿಯಲಿಲ್ಲ.

ಲಾಂಚಿನ ಹೊತ್ತಿಗೆ ಅವನು ಗಂಟೆ ಬಾರಿಸಿ, ಗೇಟು ಎಳೆದು, ಬೆನ್ನು ತಿರುಗಿಸಿದ. ಹಿಂದಿನಿಂದ ಚಪ್ಪಲಿ ಬಡಿಯುವ ಸದ್ದು.

"ಬೀಗರೇ, ಓ ಬೀಗರೇ, ಸ್ವಲ್ಪ ನಿಲ್ಸಿ."

ಅವರು ಆ ಶಬ್ದ ಆಡಿದ್ದು ಅದೇ ಮೊದಲು. ಮೂರು ತಲೆಮಾರಿನ ಬೆನ್ನು ಗಿರ್ರನೆ ತಿರುಗಿತು. ಕೈ ಚಿಲಕ ತೆಗೆಯಿತು. ಬೀಗರು ಏದುಸಿರು ಬಿಡುತ್ತಾ ಅವನ ಭುಜ ತಟ್ಟಿ, "ದಿನ ಗೊತ್ತು ಮಾಡಿ ತಿಳಿಸ್ತೀನಿ," ಎಂದು ಲಾಂಚು ಹತ್ತಿದರು.

"ನಮ್ಮ ಗೇಟಿಗೆ ಇವತ್ತು ಎಣ್ಣೆ ಬಿದ್ದಿದೆ ಕಣ್ರಪ್ಪ," ಎಂದು ಮುಂದಿನ ಲಾಂಚಿಗೆ ನಿಂತ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆ ಸಾಲಿನಲ್ಲಿ ಹೊಲಿಗೆಯಮ್ಮನೂ ಇದ್ದಳು. ಹೋದ ವಾರ, ಆಚೆ ದಡದಿಂದ ಹಡಗು ಹತ್ತಿ ಪರದೇಶಕ್ಕೆ ಹೊರಟಿದ್ದ ಅಕ್ಕನನ್ನು ಕೊನೆಯ ಸಲ ಕಾಣಲು ಓಡಿಬಂದು, ಇದೇ ಸರಳು ಹಿಡಿದು ಅತ್ತವಳು. ಆಗ ಅವನು ಸಮುದ್ರ ನೋಡುತ್ತಿದ್ದ. ಈಗ ಕಿವಿಯವರೆಗೂ ಬಿಸಿಯೇರಿತು; ಸಮುದ್ರ ಅಲ್ಲೇ ಇದ್ದರೂ ಕತ್ತು ಆ ಕಡೆ ಹೊರಳಲಿಲ್ಲ.

ಅವಳು ನಗಲಿಲ್ಲ. "ಗಂಟೆ ಆದ್ಮೇಲೆ ಇದನ್ನ ತೆಗೆಯೋಕೇ ಬರಲ್ಲ ಅಂದ್ಕೊಂಡಿದ್ದೆ, ಅಣ್ಣ. ಆವತ್ತು ನನಗ್ಯಾಕೆ ತೆಗೀಲಿಲ್ಲ?"

ಅಜ್ಜ, ನಿಯಮ, ನೀರಿಗೆ ಬಿದ್ದ ಜನ, ಎಲ್ಲವೂ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಾಚಿ ಕೂತವು.

"ನೀವು ನಮ್ಮ ಬೀಗರಲ್ಲಮ್ಮ," ಎಂದ.