ಚೆಂಬು ಬೆಳಗಿದ ಹಾಗೆ ಹಲ್ಲು

ಇವತ್ತು ಹಿತ್ತಾಳೆ ಚೆಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ, ಆ ಹುಳಿ ವಾಸನೆಗೇ ನನ್ನ ಮುಂದಿನ ಹಲ್ಲುಗಳು ಜುಮ್ ಅಂದವು.

ಈ ಜುಮ್ ಶುರುವಾದಾಗ ನಾನು ಕೋಲಾರದ ಹಾಸ್ಟೆಲ್‌ನಲ್ಲಿದ್ದ ಫಸ್ಟ್ ಪಿಯುಸಿ ಹುಡುಗ, ಎಲ್ಲದಕ್ಕೂ ಟೆನ್ಶನ್. ರಜಕ್ಕೆ ನಮ್ಮೂರು ತಾಯಲೂರಿಗೆ ಹೋದರೆ ಜಗುಲಿ ತುಂಬ ಹುಣಸೆಹಣ್ಣು. ಅಜ್ಜಿ ಬೀಜ ಬಿಡಿಸ್ತಿದ್ದರೆ ನಾನು ಉಪ್ಪು ಖಾರ ಹಚ್ಚಿಕೊಂಡು ತಿಂತಿದ್ದೆ. ತಿಂದ ಕೂಡಲೇ ಅಜ್ಜಿ ಅಂಗೈಗೆ ಒಲೆಬೂದಿ ಹಾಕಿ, "ಹುಳಿ ಹಲ್ಲಲ್ಲಿ ನಿಲ್ಲಬಾರದು, ಗಟ್ಟಿಯಾಗಿ ಉಜ್ಜೋ" ಅನ್ನೋರು. ಬರಬರುತ್ತಾ ಹಲ್ಲಿನ ತುದಿ ಗಾಜಿನ ಹಾಗೆ ತೆಳ್ಳಗಾಯ್ತು. ತಣ್ಣೀರು ಕುಡಿಯೋಕೂ ಆಗ್ತಿರಲಿಲ್ಲ.

ಕೊನೆಗೆ ಅಜ್ಜಿ ಕೋಲಾರದ ಡೆಂಟಿಸ್ಟ್ ಹತ್ತಿರ ಕರ್ಕೊಂಡು ಹೋದರು. ನಮ್ಮೂರಿಂದ ಅಲ್ಲಿಗೆ ಹೋದವರೆಲ್ಲ ಹಲ್ಲು ಕೀಳಿಸ್ಕೊಂಡೇ ಬಂದಿದ್ದರು. ಟ್ರೇಯಲ್ಲಿದ್ದ ಇಕ್ಕಳ ನೋಡಿ ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕೇಳಿದೆ.

"ಕೀಳ್ತೀರಾ ಸಾರ್?"

ಡಾಕ್ಟರು ನನ್ನ ಕೈ ಸರಿಸಿ ಹಲ್ಲಿನ ತುದಿ ನೋಡಿ, "ಹುಳಿ ತಿಂದ ತಕ್ಷಣ ಹಲ್ಲು ಉಜ್ತೀಯಾ?" ಅಂದರು.

"ನಾನೇ ಉಜ್ಜಿಸ್ತೀನಿ ಸ್ವಾಮಿ, ಬೂದಿ ಹಾಕಿ!" ಅಜ್ಜಿಗೆ ಹೆಮ್ಮೆ.

"ಹುಳಿಗೆ ಹಲ್ಲಿನ ಮೇಲಿನ ಎನಾಮೆಲ್ ಪದರ ಮೆತ್ತಗಾಗುತ್ತೆ ಅಜ್ಜಿ. ಆಗ ಉಜ್ಜಿದ್ರೆ ಸವೆದುಹೋಗುತ್ತೆ, ಮತ್ತೆ ಬೆಳೆಯಲ್ಲ. ನೀರಲ್ಲಿ ಮುಕ್ಕಳಿಸಿ ಸುಮ್ಮನಿರಲಿ, ಒಂದು ಗಂಟೆ ಬಿಟ್ಟು ಉಜ್ಜಲಿ. ಕೀಳೋದು ಬೇಡ. ಉಳಿದಿರೋದು ಫ್ಲೋರೈಡ್ ಪೇಸ್ಟ್‌ಗೆ ಗಟ್ಟಿಯಾಗುತ್ತೆ."

ಅಜ್ಜಿಯ ಮುಖ ಸಣ್ಣದಾಯ್ತು. "ಅಯ್ಯೋ ನಾಯ್ನಾ, ಹುಣಸೆಹಣ್ಣು, ಬೂದಿ... ಚೆಂಬು ಬೆಳಗಿದ ಹಾಗೆ ನಿನ್ನ ಹಲ್ಲು ಬೆಳಗಿಸಿಬಿಟ್ಟೆನಲ್ಲೋ!"

ಇವತ್ತು ಚೆಂಬು ಫಳಫಳ ಹೊಳೀತು. ಅದರಲ್ಲೇ ಉಗುರುಬೆಚ್ಚಗಿನ ನೀರು ತುಂಬಿಕೊಂಡು ಕುಡಿದೆ. ಹಲ್ಲು ಅವೇ ತೆಳ್ಳನೆಯವು, ಇನ್ನೂ ನನ್ನವೇ.